ನೆಲದಡಿಯ ದಫ್ತರ

ಆಳಿದವರು ಕಾಗದಪತ್ರಗಳನ್ನು ಬಿಟ್ಟುಹೋಗುತ್ತಾರೆ. ಆಳಿಸಿಕೊಂಡವರು ಬಹುಮಟ್ಟಿಗೆ ಏನನ್ನೂ ಬಿಟ್ಟುಹೋಗುವುದಿಲ್ಲ. ಆದಕಾರಣ ಒಂದು ಜನಾಂಗವು ಪಟ್ಟ ಪಾಡನ್ನು ತಿಳಿಯಲು ಹೊರಟ ಚರಿತ್ರಕಾರನು, ಎಷ್ಟೋ ವೇಳೆ, ಆ ಪಾಡಿಗೆ ಅವರನ್ನು ಗುರಿಮಾಡಿದವರ ಕಡತಗಳನ್ನೇ ಬಿಚ್ಚಿಕೊಂಡು ಕುಳಿತುಕೊಳ್ಳಬೇಕಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಯೆಹೂದ್ಯರಿಗೆ ಒದಗಿದ ಸಂಹಾರದ ವಿಷಯದಲ್ಲಿ ಈ ಬಗೆಯ ಕಡತಗಳಿಗೆ ಬರವಿಲ್ಲ. ನಾಜಿ ಜರ್ಮನಿಯ ಅಧಿಕಾರಿವರ್ಗವು ರೈಲುಗಾಡಿಗಳ ವೇಳಾಪಟ್ಟಿಯಿಂದ ಮೊದಲುಗೊಂಡು ಸತ್ತವರ ಉಡುಪುಗಳವರೆಗೆ ಸಕಲಕ್ಕೂ ಲೆಕ್ಕವಿಡುವ ಅಭ್ಯಾಸವುಳ್ಳದ್ದಾಗಿದ್ದಿತು. ಸೋಲು ಸಮೀಪಿಸಿದಾಗ ಬಹಳಷ್ಟನ್ನು ಅವರೇ ಸುಟ್ಟುಹಾಕಿದರೂ, ಸುಡದೆ ಉಳಿದುದೇ ವಿದ್ವಾಂಸರ ಹಲವು ತಲೆಮಾರುಗಳಿಗೆ ಸಾಕಾಗುವಷ್ಟಿದೆ.

ಅಂಥದೊಂದು ಕಾಗದವನ್ನು ಹತ್ತಿರದಿಂದ ನೋಡಬಹುದು. 1943ರ ಜನವರಿ 11ರಂದು ಪೋಲೆಂಡಿನ ಲುಬ್ಲಿನ್ ಪಟ್ಟಣದಿಂದ ಹೆರ್ಮನ್ ಹೋಫ್ಲೆ ಎಂಬ ಎಸ್‌ಎಸ್ ಅಧಿಕಾರಿಯು ಕ್ರಾಕೋವಿನ ಮೇಲಧಿಕಾರಿಗಳ ಕಚೇರಿಗೆ ಗೂಢಲಿಪಿಯಲ್ಲಿ ಒಂದು ತಂತಿಯನ್ನು ಕಳುಹಿಸಿದನು. ಉಗ್ರಾಣದ ದಾಸ್ತಾನನ್ನು ವರ್ಷಾಂತ್ಯದಲ್ಲಿ ಒಪ್ಪಿಸುವ ಗುಮಾಸ್ತನಂತೆ ಅವನು ಎಲ್, ಬಿ, ಎಸ್, ಟಿ ಎಂಬ ನಾಲ್ಕು ಅಕ್ಷರಗಳನ್ನೂ ಒಂದೊಂದರ ಮುಂದೆ ಒಂದೊಂದು ಸಂಖ್ಯೆಯನ್ನೂ ಕೊಟ್ಟು, ಕೊನೆಗೆ 12,74,166 ಎಂದು ಮೊತ್ತವನ್ನು ಹಾಕಿದ್ದನು. ಬ್ರಿಟಿಷರ ಬೇಹಿನ ಇಲಾಖೆ ಆ ತಂತಿಯನ್ನು ಗಾಳಿಯಲ್ಲೇ ಹಿಡಿದು ಲಿಪಿಯನ್ನೂ ಬಿಡಿಸಿತು. ಆದರೆ ಅಂಕಿಗಳ ಅರ್ಥವು ಯಾರಿಗೂ ಹೊಳೆಯದೆ, 2000ನೆಯ ಇಸವಿಯಲ್ಲಿ ಸಂಶೋಧಕರ ಕಣ್ಣಿಗೆ ಬೀಳುವವರೆಗೆ ಲಂಡನ್ನಿನ ಪತ್ರಾಗಾರದಲ್ಲಿ ಅದು ಸುಮ್ಮನೆ ಬಿದ್ದಿದ್ದಿತು. ಆ ನಾಲ್ಕು ಅಕ್ಷರಗಳು ಲುಬ್ಲಿನ್, ಬೆಲ್ಜೆಕ್, ಸೊಬಿಬೋರ್, ಟ್ರೆಬ್ಲಿಂಕಾ ಎಂಬ ನಾಲ್ಕು ಶಿಬಿರಗಳು; ಆ ಸಂಖ್ಯೆಗಳು 1942ರ ಡಿಸೆಂಬರ್ 31ರವರೆಗೆ ಅಲ್ಲಿಗೆ ತಂದಿಳಿಸಿದ ಮನುಷ್ಯರು. ಟ್ರೆಬ್ಲಿಂಕಾದ ಮುಂದೆ 71,355 ಎಂದಿದ್ದಿತು. ಕೂಡಿಸಿ ನೋಡಿದರೆ ಮೊತ್ತ ತಾಳೆಯಾಗುವುದಿಲ್ಲ; ಅದು 7,13,555 ಆದರೆ ಮಾತ್ರ ಒಂದು ಅಂಕಿಯೂ ತಪ್ಪದೆ ತಾಳೆಯಾಗುತ್ತದೆ. ಯಾರದೋ ಕೈತಪ್ಪಿನಿಂದ ಒಂದು ಐದು ಬಿಟ್ಟುಹೋಗಿದ್ದಿತು. ಆ ಒಂದು ಐದರೊಂದಿಗೆ ಆರು ಲಕ್ಷ ನಲವತ್ತೆರಡು ಸಾವಿರದ ಇನ್ನೂರು ಜನ ಬಿಟ್ಟುಹೋಗಿದ್ದರು.

ಈ ಹೋಫ್ಲೆಯೇ ಅದಕ್ಕೆ ಆರು ತಿಂಗಳ ಹಿಂದೆ, 1942ರ ಜುಲೈ 22ರಂದು, ವಾರ್ಸಾ ನಗರದ ಯೆಹೂದ್ಯ ಸಮಿತಿಯ ಕಚೇರಿಗೆ ಬಂದು, ಅದರ ಅಧ್ಯಕ್ಷನಾದ ಆಡಂ ಚೆರ್ನ್ಯಾಕುಫ್‌ಗೆ ಅಲ್ಲಿನ ಯೆಹೂದ್ಯರನ್ನು 'ಪೂರ್ವದ ಕಡೆಗೆ' ಸಾಗಿಸತಕ್ಕದ್ದೆಂಬ ಆಜ್ಞೆಯನ್ನು ಹೇಳಿ ಬರೆಸಿದವನು. ಚೆರ್ನ್ಯಾಕುಫ್ ಮರುದಿನವೇ ವಿಷವನ್ನು ಸೇವಿಸಿ ಸತ್ತನು; ಅವನ ದಿನಚರಿಯು ಆ ದಿನಕ್ಕೆ ನಿಂತಿದೆ. ಮುಂದಿನ ಎರಡು ತಿಂಗಳುಗಳಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ವಾರ್ಸಾದಿಂದ ಟ್ರೆಬ್ಲಿಂಕಾಕ್ಕೆ ಒಯ್ದು ಕೊಂದರು. ತಂತಿಯ ಟಿ ಎಂಬ ಅಕ್ಷರದಲ್ಲಿ ಅವರೆಲ್ಲರೂ ಸೇರಿದ್ದಾರೆ. ಆದರೆ ಅವರು ಯಾರು, ಏನನ್ನು ಉಂಡರು, ಮಕ್ಕಳಿಗೆ ಏನನ್ನು ಕಲಿಸಿದರು, ಒಬ್ಬರನ್ನೊಬ್ಬರು ಹೇಗೆ ವಂಚಿಸಿದರು, ಹೇಗೆ ಕಾಪಾಡಿದರು ಎಂಬುದೆಲ್ಲ ಹೋಫ್ಲೆಯ ಕಡತದಲ್ಲಿ ಸಿಕ್ಕುವುದಲ್ಲ. ಅದಕ್ಕೆ ಬೇರೊಂದು ದಫ್ತರವುಂಟು. ಅದನ್ನು ಕಟ್ಟಿದವರು ಆ ಜನರೇ. ಕಟ್ಟಿದ್ದು ಸಾವು ಬಾಗಿಲಿಗೆ ಬಂದಮೇಲಲ್ಲ, ಅದಕ್ಕೆ ಸುಮಾರು ಎರಡು ವರ್ಷ ಮೊದಲೇ.

ಅದರ ಕರ್ತೃ ಎಮಾನುಯೆಲ್ ರಿಂಗೆಲ್‌ಬ್ಲುಮ್. 1900ರಲ್ಲಿ ಗ್ಯಾಲಿಷಿಯಾ ಪ್ರಾಂತದ ಬುಚಾಚ್ ಎಂಬ ಊರಿನಲ್ಲಿ ಹುಟ್ಟಿ, ವಾರ್ಸಾದ ವಿಶ್ವವಿದ್ಯಾನಿಲಯದಲ್ಲಿ ಓದಿ, ಅದೇ ನಗರದ ಯೆಹೂದ್ಯರ ಮಧ್ಯಯುಗದ ಚರಿತ್ರೆಯನ್ನು ಕುರಿತು 1927ರಲ್ಲಿ ಪ್ರೌಢಪ್ರಬಂಧವನ್ನು ಬರೆದು, ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಚರಿತ್ರೆಯ ಉಪಾಧ್ಯಾಯನಾಗಿದ್ದ ಈತನು, ಎಡಪಂಥದ ರಾಜಕೀಯದಲ್ಲಿಯೂ ಬಡವರ ಸಹಾಯಕಾರ್ಯದಲ್ಲಿಯೂ ಸಮನಾಗಿ ಮುಳುಗಿದ್ದ ಮನುಷ್ಯ. 1938ರ ಶರತ್ಕಾಲದಲ್ಲಿ ಜರ್ಮನಿಯು ತನ್ನಲ್ಲಿ ನೆಲಸಿದ್ದ ಪೋಲಿಷ್ ಯೆಹೂದ್ಯರನ್ನು ರಾತ್ರೋರಾತ್ರಿ ಗಡಿಯಿಂದಾಚೆಗೆ ಅಟ್ಟಿದಾಗ, ಜ್ಬೊನ್‌ಶಿನ್ ಎಂಬ ಗಡಿಯ ಊರಿನಲ್ಲಿ ಸಿಕ್ಕಿಬಿದ್ದ ಸಾವಿರಾರು ನಿರ್ಗತಿಕರಿಗೆ ಅನ್ನವಸ್ತ್ರಗಳನ್ನು ಒದಗಿಸಲು ಹೋದವರಲ್ಲಿ ಈತನೂ ಒಬ್ಬ. ಅಲ್ಲಿ ರೊಟ್ಟಿಯನ್ನು ಹಂಚುತ್ತ ಹಂಚುತ್ತಲೇ, ಅಟ್ಟಿಸಿಕೊಂಡು ಬಂದವರ ಹೇಳಿಕೆಗಳನ್ನೂ ಬರೆದುಕೊಂಡನು. ಮುಂದೆ ಮಾಡಿದ ಮಹತ್ಕಾರ್ಯದ ಬೀಜ ಅಲ್ಲಿದೆಯೆಂದು ನನ್ನ ಭಾವನೆ. ಏಕೆಂದರೆ ಉಪಕಾರ ಮಾಡುವ ಕೈ ಬೇರೆ, ಬರೆದಿಡುವ ಕೈ ಬೇರೆ ಎಂಬ ಭೇದವನ್ನು ಈತನು ಕಡೆಯವರೆಗೂ ಒಪ್ಪಲಿಲ್ಲ. 1939ರ ಆಗಸ್ಟಿನಲ್ಲಿ ಸಮ್ಮೇಳನವೊಂದಕ್ಕಾಗಿ ಜಿನೀವಾಕ್ಕೆ ಹೋಗಿದ್ದವನು, ಯುದ್ಧದ ಮೋಡ ಕವಿದಿದ್ದರೂ ಅಲ್ಲಿಯೇ ನಿಲ್ಲದೆ ಸುತ್ತುಬಳಸಿನ ದಾರಿ ಹಿಡಿದು ವಾರ್ಸಾಕ್ಕೆ ಹಿಂದಿರುಗಿದನು. ಸೆಪ್ಟೆಂಬರ್ 1ರಂದು ಜರ್ಮನ್ ಸೈನ್ಯವು ಪೋಲೆಂಡಿನ ಮೇಲೆ ಬಿದ್ದಿತು. ಅಕ್ಟೋಬರಿನಲ್ಲಿ ಈತನು ದಿನದಿನದ ಟಿಪ್ಪಣಿಗಳನ್ನು ಬರೆಯತೊಡಗಿದನು.

ಹೀಗೆ ಬರೆದಿಡಬೇಕೆಂಬ ಬುದ್ಧಿ ಅವನೊಬ್ಬನಿಗೆ ಆಕಸ್ಮಿಕವಾಗಿ ಹುಟ್ಟಿದುದೂ ಅಲ್ಲ. ಪೂರ್ವ ಯೂರೋಪಿನ ಯೆಹೂದ್ಯರಿಗೆ ಸ್ವಂತದ ರಾಜ್ಯವಿರಲಿಲ್ಲ. ಆದುದರಿಂದ ರಾಜ್ಯದ ಪತ್ರಾಗಾರವೂ ಇರಲಿಲ್ಲ. ಈ ಕೊರತೆಯನ್ನು ಜನರೇ ತುಂಬಿಕೊಳ್ಳಬೇಕೆಂದು ಸಿಮೋನ್ ಡುಬ್ನೋವ್ ಎಂಬ ಚರಿತ್ರಕಾರನು 1891ರಷ್ಟು ಹಿಂದೆಯೇ ಕರೆಕೊಟ್ಟಿದ್ದನು. 1925ರಲ್ಲಿ ವಿಲ್ನಾ ನಗರದಲ್ಲಿ ಯಿವೊ ಎಂಬ ವಿದ್ಯಾಸಂಸ್ಥೆಯು ಸ್ಥಾಪಿತವಾದ ಮೇಲೆ, ಊರೂರುಗಳಲ್ಲಿ ದರ್ಜಿಗಳೂ ಉಪಾಧ್ಯಾಯರೂ ಅಂಗಡಿಯವರೂ ಗಾದೆ, ಹಾಡು, ಸಂಘಗಳ ನಡವಳಿ ಪುಸ್ತಕ, ಸಮಾಧಿಶಿಲೆಗಳ ಬರಹ ಮುಂತಾದುವನ್ನು ಸಂಗ್ರಹಿಸಿ ಕಳುಹಿಸುವ ಒಂದು ಸಂಪ್ರದಾಯವೇ ಬೆಳೆದಿದ್ದಿತು. ರಿಂಗೆಲ್‌ಬ್ಲುಮ್ ಆ ಶಾಲೆಯಲ್ಲಿ ಪಳಗಿದವನು. ವೃದ್ಧನಾದ ಡುಬ್ನೋವ್ 1941ರ ಡಿಸೆಂಬರಿನಲ್ಲಿ ರೀಗಾ ನಗರದಲ್ಲಿ ಹತನಾದನು. ಆತನ ಕರೆಯನ್ನು ಕೇಳಿ ಬೆಳೆದ ಪೀಳಿಗೆಯು ಅಷ್ಟರಲ್ಲಿ ವಾರ್ಸಾದ ಗೋಡೆಗಳ ಒಳಗೆ ಒಂದು ವರ್ಷಕ್ಕೆ ಮೀರಿ ಕೆಲಸಮಾಡಿದ್ದಿತು.

ಗೋಡೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. 1940ರ ನವೆಂಬರ್ ಮಧ್ಯಭಾಗದಲ್ಲಿ ಜರ್ಮನರು ಮೂರು ಮೀಟರಿಗೂ ಎತ್ತರವಾದ ಇಟ್ಟಿಗೆಯ ಗೋಡೆಯಿಂದ ನಗರದ ಒಂದು ಭಾಗವನ್ನು ಮುಚ್ಚಿದರು. ಸುಮಾರು 3.4 ಚದರ ಕಿಲೋಮೀಟರಿನ ಆ ಘೆಟ್ಟೋದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಜನರನ್ನು ತುರುಕಿದರು. ಅಧಿಕೃತ ಪಡಿತರವನ್ನೇ ನಂಬಿದವನು ಕೆಲವು ತಿಂಗಳುಗಳಲ್ಲಿ ಸಾಯುವಂತೆ ಪಡಿಯ ಪ್ರಮಾಣವಿದ್ದಿತು. ಕಳ್ಳತನದಿಂದ ಗೋಡೆಯಾಚೆಯ ಧಾನ್ಯ ಬಾರದೇ ಹೋಗಿದ್ದರೆ ಎಲ್ಲರೂ ಬಹಳ ಮೊದಲೇ ಸಾಯುತ್ತಿದ್ದರು. ಹಾಗಿದ್ದೂ 1942ರ ನಡುವಿನ ವೇಳೆಗೆ, ಅಂದರೆ ಟ್ರೆಬ್ಲಿಂಕಾದ ಗಾಡಿಗಳು ಹೊರಡುವ ಮೊದಲೇ, ಹಸಿವಿನಿಂದಲೂ ಟೈಫಸ್ ಮುಂತಾದ ರೋಗಗಳಿಂದಲೂ ಸುಮಾರು 83,000 ಜನ ತೀರಿಕೊಂಡಿದ್ದರು. ಆ ಹಸಿವನ್ನೇ ಘೆಟ್ಟೋದ ವೈದ್ಯರು, ತಾವೂ ಹಸಿದಿದ್ದುಕೊಂಡೇ, ಶಾಸ್ತ್ರೀಯವಾಗಿ ಪರೀಕ್ಷಿಸಿ ಬರೆದಿಟ್ಟ ಗ್ರಂಥವೊಂದು ಯುದ್ಧಾನಂತರ ಪ್ರಕಟವಾಯಿತು. ಅದು ಬೇರೊಂದು ಲೇಖನಕ್ಕೆ ವಸ್ತು.

ಘೆಟ್ಟೋವನ್ನು ಮುಚ್ಚಿದ ಸುಮಾರು ಒಂದು ವಾರಕ್ಕೆ, ನವೆಂಬರಿನ ಒಂದು ಶನಿವಾರ, ರಿಂಗೆಲ್‌ಬ್ಲುಮನು ತನ್ನ ಆಪ್ತರನ್ನು ಸೇರಿಸಿದನು. ಶನಿವಾರವು ಅವರ ಸಬ್ಬತ್ ದಿನವಾದುದರಿಂದ 'ಸಬ್ಬತ್ತಿನ ಸಂತೋಷ' ಎಂಬರ್ಥದ 'ಓಯ್ನೆಗ್ ಶಾಬೆಸ್' ಎಂದು ಗುಂಪಿಗೆ ಗುಪ್ತನಾಮವಿಟ್ಟರು. ಹೊರಗೆ ಕೇಳಿದವರಿಗೆ ಅದು ನಾಲ್ಕು ಮಂದಿ ಕಲೆತು ಹರಟುವ ಗೋಷ್ಠಿ. ಘೆಟ್ಟೋದ ಒಳಗೂ ಗೆಸ್ಟಾಪೋ ಎಂಬ ನಾಜಿ ಗುಪ್ತಪೋಲೀಸರ ಬೇಹುಗಾರರು ತುಂಬಿದ್ದುದರಿಂದ, ಕೂಡಿದ ಐವತ್ತು ಅರವತ್ತು ಜನರಲ್ಲಿ ಬಹುಮಂದಿಗೆ ತಮ್ಮ ತಮ್ಮ ಕೆಲಸದ ಹೊರತು ಉಳಿದುದು ತಿಳಿಯದು. ಕಾಗದಗಳನ್ನು ಎಲ್ಲಿಡುತ್ತಾರೆಂಬುದಂತೂ ಇಬ್ಬರು ಮೂವರಿಗೆ ಮಾತ್ರ ತಿಳಿದಿದ್ದಿತು. ಹೆರ್ಷ್ ವಾಸ್ಸರ್ ಎಂಬಾತನು ಕಾರ್ಯದರ್ಶಿ. ಸದಸ್ಯರಲ್ಲಿ ಧರ್ಮಗುರುಗಳಿದ್ದರು, ನಾಸ್ತಿಕರಿದ್ದರು, ಪತ್ರಿಕಾಕರ್ತರು, ಅರ್ಥಶಾಸ್ತ್ರಜ್ಞರು, ಗೃಹಿಣಿಯರು ಇದ್ದರು. ಯಿಡ್ಡಿಷಿನಲ್ಲಿ ಬರೆದವರುಂಟು, ಪೋಲಿಷಿನಲ್ಲಿ ಬರೆದವರುಂಟು. ಮುಖ್ಯವಾದ ಬರಹಗಳಿಗೆ ಮೂರು ಮೂರು ಪ್ರತಿಗಳನ್ನು ತೆಗೆಯುತ್ತಿದ್ದರು. ಬರೆಯುವವನು ಉಪವಾಸದಿಂದ ಸಾಯದಂತೆ ನೋಡಿಕೊಳ್ಳುವುದೂ ಸಂಪಾದಕರ ಕರ್ತವ್ಯವಾಗಿದ್ದಿತು. ಸಹಾಯನಿಧಿಯಿಂದ ಅವರಿಗೆ ಅಷ್ಟಿಷ್ಟು ಹಣವೂ ಊಟದ ಚೀಟಿಯೂ ಸಲ್ಲುತ್ತಿದ್ದಿತು.

ಅವರು ಕೂಡಿಸಿದ ಸಾಮಗ್ರಿಯನ್ನು ನೋಡಿದರೆ, ಇವರಿಗೆ ಚರಿತ್ರೆಯೆಂದರೆ ಏನೆಂಬ ಕಲ್ಪನೆ ಎಷ್ಟು ವಿಶಾಲವಾಗಿದ್ದಿತೆಂದು ತಿಳಿಯುತ್ತದೆ. ಜರ್ಮನರ ಆಜ್ಞಾಪತ್ರಗಳೂ ಭೂಗತ ಪತ್ರಿಕೆಗಳೂ ಇದ್ದುವು, ಸರಿಯೆ. ಅವುಗಳ ಜೊತೆಗೆ ಮಿಠಾಯಿಗೆ ಸುತ್ತಿದ ಕಾಗದ, ಟ್ರಾಮಿನ ಟಿಕೀಟು, ಪಡಿತರ ಚೀಟಿ, ನಾಟಕದ ಭಿತ್ತಿಪತ್ರ, ಉಪನ್ಯಾಸದ ಆಹ್ವಾನಪತ್ರಿಕೆ, ಶಾಲೆಯ ಮಕ್ಕಳ ಪ್ರಬಂಧ, ದೂರದ ಊರುಗಳಿಂದ ಬಂದ ಅಂಚೆಯ ಕಾರ್ಡು ಎಲ್ಲವೂ ಇದ್ದುವು. ಹುರಿದ ಹೆಬ್ಬಾತನ್ನೂ ಉತ್ತಮ ದ್ರಾಕ್ಷಾರಸವನ್ನೂ ಒದಗಿಸುತ್ತೇವೆಂದು ಸಾರುವ ಭೋಜನಶಾಲೆಯ ತಿಂಡಿಪಟ್ಟಿಯೂ ಇದ್ದಿತು. ಹೊರಗೆ ಕಾಲುದಾರಿಯಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದ ಕಾಲದ ಪಟ್ಟಿ ಅದು. ಬಾಗಿಲ ಗಂಟೆಯ ಸಂಕೇತಗಳ ಪಟ್ಟಿಯೂ ಅಲ್ಲಿದೆ. ಒಂದು ಕುಟುಂಬವಿರಬೇಕಾದ ಮನೆಯಲ್ಲಿ ಕೋಣೆಗೊಂದು ಕುಟುಂಬ, ಕೆಲವೆಡೆ ಮೂಲೆಗೊಂದು ಕುಟುಂಬ ಸೇರಿಕೊಂಡಾಗ, ಇಂಥವರು ಬೇಕಾದರೆ ಗಂಟೆಯನ್ನು ಇಷ್ಟು ಸಲ, ಇನ್ನೊಬ್ಬರು ಬೇಕಾದರೆ ಇಷ್ಟು ಸಲ ಎಂದು ಬಾಗಿಲಿಗೆ ಚೀಟಿಯನ್ನು ಅಂಟಿಸಬೇಕಾಗುತ್ತಿದ್ದಿತು. ಆ ಚೀಟಿಯನ್ನು ನಕಲು ಮಾಡಿಕೊಂಡವನು ಒಂದು ಮಾತಿನ ವ್ಯಾಖ್ಯಾನವನ್ನೂ ಸೇರಿಸಬೇಕಾದುದಿರಲಿಲ್ಲ. ಜನಸಾಂದ್ರತೆಯ ಅಂಕಿಯು ಹೇಳಲಾರದುದನ್ನು, ಅಂದರೆ ಪರರ ಗಂಟೆಯನ್ನು ಎಣಿಸುತ್ತ ಕುಳಿತ ಮನೆಯ ಬದುಕನ್ನು, ಆ ಚೀಟಿಯು ಹೇಳುತ್ತದೆ.

ಸಿಕ್ಕಿದ ವಸ್ತುವನ್ನೆಲ್ಲ ಗುಡ್ಡೆಹಾಕುವ ಹವ್ಯಾಸ ಇದಾಗಿರಲಿಲ್ಲ. ಪ್ರಶ್ನಾವಳಿಗಳನ್ನು ಸಿದ್ಧಪಡಿಸಿ, ಒಬ್ಬೊಬ್ಬರಿಗೆ ಒಂದೊಂದು ವಿಷಯವನ್ನು ವಹಿಸಿದ್ದರು: ಘೆಟ್ಟೋದ ಹೆಂಗಸರು, ಬೀದಿಯ ಮಕ್ಕಳು, ಕಳ್ಳಸಾಗಣೆ, ಗಂಜಿಕೇಂದ್ರ, ಧಾರ್ಮಿಕ ಜೀವನ, ಪೋಲರಿಗೂ ಯೆಹೂದ್ಯರಿಗೂ ಇದ್ದ ಸಂಬಂಧ. ಪೆರೆಟ್ಸ್ ಒಪೊಚಿನ್‌ಸ್ಕಿ ಎಂಬ ಪತ್ರಿಕಾಲೇಖಕನು ಹೊಟ್ಟೆಪಾಡಿಗಾಗಿ ಅಂಚೆಯವನಾಗಿದ್ದನು. ಮೆಟ್ಟಿಲುಗಳನ್ನು ಹತ್ತಿ ಇಳಿದು ಕಾಗದ ಹಂಚುತ್ತ, ಒಂದೊಂದು ಬಾಗಿಲಿನ ಹಿಂದೆ ಕಂಡುದನ್ನು ರಾತ್ರಿ ಬರೆಯುತ್ತಿದ್ದನು. ಶಿಮೋನ್ ಹುಬರ್‌ಬಾಂಡ್ ಎಂಬ ಧರ್ಮಗುರುವು ಮುಚ್ಚಿಹೋದ ಪ್ರಾರ್ಥನಾಮಂದಿರಗಳ ಕಥೆಯನ್ನೂ, ಕದ್ದುಮುಚ್ಚಿ ನಡೆಸಿದ ವ್ರತಾಚರಣೆಗಳನ್ನೂ ದಾಖಲಿಸಿದನು. ರಾಖೆಲ್ ಔವರ್‌ಬಾಖ್ ಎಂಬ ಲೇಖಕಿಯು ಯುದ್ಧದ ಆರಂಭದಲ್ಲಿ ವಾರ್ಸಾವನ್ನು ಬಿಟ್ಟು ಹೊರಡಲು ಸಿದ್ಧಳಾಗಿದ್ದಾಗ ರಿಂಗೆಲ್‌ಬ್ಲುಮನು ಆಕೆಯನ್ನು ತಡೆದು, ಲೆಷ್ನೊ ಬೀದಿಯ 40ನೆಯ ಸಂಖ್ಯೆಯ ಮನೆಯಲ್ಲಿ ಒಂದು ಗಂಜಿಕೇಂದ್ರವನ್ನು ಒಪ್ಪಿಸಿದನು. ದಿನವೂ ಅದೇ ಮುಖಗಳು ಬಟ್ಟಲು ಹಿಡಿದು ಬರುತ್ತಿದ್ದುದನ್ನೂ, ಆ ಮುಖಗಳು ವಾರವಾರಕ್ಕೆ ಬಾತುಹೋಗಿ, ಒಂದು ದಿನ ಬಾರದೆ ನಿಲ್ಲುತ್ತಿದ್ದುದನ್ನೂ ಆಕೆ ನೋಡಿದಳು. ತನ್ನ ಗಂಜಿಯಿಂದ ಯಾರ ಪ್ರಾಣವೂ ಉಳಿಯುತ್ತಿಲ್ಲ, ಸಾವು ಸ್ವಲ್ಪ ಸಾವಕಾಶವಾಗುತ್ತಿದೆ, ಅಷ್ಟೆ ಎಂಬ ತೀರ್ಮಾನಕ್ಕೆ ಆಕೆ ಬಂದುದನ್ನೂ ಮರೆಮಾಚದೆ ಬರೆದಳು. ಸಹಾಯಸಂಸ್ಥೆಯ ವಾರ್ಷಿಕ ವರದಿಯಲ್ಲಿ ಇಂಥ ಮಾತನ್ನು ಎಲ್ಲಿಯಾದರೂ ಓದಿದ್ದೇವೆಯೆ?

ನನಗೆ ಈ ದಫ್ತರದ ಬಗೆಗೆ ಎಲ್ಲಕ್ಕಿಂತ ಹೆಚ್ಚಿನ ಗೌರವ ಹುಟ್ಟಿದುದು ಇದೇ ಕಾರಣದಿಂದ. ನೊಂದ ಜನಾಂಗವು ತನ್ನ ಚರಿತ್ರೆಯನ್ನು ತಾನೇ ಬರೆಯುವಾಗ, ತನ್ನವರನ್ನೆಲ್ಲ ಸಂತರನ್ನಾಗಿಯೂ ವೀರರನ್ನಾಗಿಯೂ ಚಿತ್ರಿಸುವ ಆಸೆ ಸಹಜವಾದುದು. ಯಾರೂ ಅದನ್ನು ಆಕ್ಷೇಪಿಸಲಾರರು. ಓಯ್ನೆಗ್ ಶಾಬೆಸಿನವರು ಆ ಆಸೆಗೆ ಎಡೆಗೊಡಲಿಲ್ಲ. ಲಂಚಕೋರರಾದ ಯೆಹೂದ್ಯ ಪೋಲೀಸರ ಕ್ರೌರ್ಯ, ಬಡವರ ಮೇಲೆ ತೆರಿಗೆಯ ಭಾರವನ್ನು ಹೊರಿಸಿ ಉಳ್ಳವರನ್ನು ಉಳಿಸಿದ ಸಮಿತಿಯ ಪಕ್ಷಪಾತ, ನಿರಾಶ್ರಿತರನ್ನು ಕಂಡರೆ ಬಾಗಿಲಿಕ್ಕಿಕೊಂಡವರ ನಿರ್ದಯೆ, ಎಲ್ಲವನ್ನೂ ಬರೆದರು. ಹಾಗೆಯೇ ಮನುಷ್ಯತ್ವವನ್ನು ತೋರಿದ ಜರ್ಮನ್ ಸಿಪಾಯಿ ಎಲ್ಲಿಯಾದರೂ ಇದ್ದನೆಂದು ಕೇಳಿದರೆ ಅದನ್ನೂ ರಿಂಗೆಲ್‌ಬ್ಲುಮನು ಟಿಪ್ಪಣಿಮಾಡಿಕೊಂಡನು. ನಡೆದುದೇ ಸಾಕಷ್ಟು ಘೋರವಾಗಿರುವಾಗ ಅದಕ್ಕೆ ಒಂದು ಉಪಮೆಯನ್ನು ಸೇರಿಸುವುದೂ ಅಪಚಾರವೆಂಬುದು ಅವನ ನಿಲುವು. ನ್ಯಾಯಾಲಯದ ಮುಂದೆ ತನಗೆ ಪ್ರತಿಕೂಲವಾದುದನ್ನೂ ಹೇಳುವ ಸಾಕ್ಷಿಯ ಮಾತಿಗೆ ಎಂಥ ತೂಕವಿರುವುದೋ, ಅಂಥ ತೂಕವು ಈ ಕಾಗದಗಳಿಗೆ ಬಂದಿರುವುದು ಈ ಸಂಯಮದಿಂದ. ಹಗೆಯ ಕಣ್ಣಿನಿಂದ ಓದುವವರು ಇದರಲ್ಲಿ ಯೆಹೂದ್ಯರ ಮೇಲೆ ಎತ್ತಿಹಾಕಲು ತಕ್ಕ ವಾಕ್ಯಗಳನ್ನು ಆರಿಸಿಕೊಳ್ಳಬಹುದೆಂಬ ಅಪಾಯವು ಅವರಿಗೆ ಗೊತ್ತಿಲ್ಲದಿರಲಿಲ್ಲ. ಗೊತ್ತಿದ್ದೇ ಬರೆದರು.

ಮೊದಲ ವರ್ಷದಲ್ಲಿ ಅವರ ಉದ್ದೇಶವು ಯುದ್ಧಾನಂತರ ಉಳಿಯುವ ಸಮಾಜಕ್ಕೆ ಉಪಯುಕ್ತವಾದ ಅಧ್ಯಯನವನ್ನು ಸಿದ್ಧಮಾಡಿಡುವುದಾಗಿದ್ದಿತು. 1942ರ ಆರಂಭದಲ್ಲಿ ಇದು ತಲೆಕೆಳಗಾಯಿತು. ಖೆಲ್ಮ್‌ನೊ ಎಂಬಲ್ಲಿ ಮುಚ್ಚಿದ ಲಾರಿಗಳೊಳಕ್ಕೆ ವಿಷವಾಯುವನ್ನು ಬಿಟ್ಟು ಯೆಹೂದ್ಯರನ್ನು ಕೊಲ್ಲುತ್ತಿದ್ದಾಗ, ಹೆಣಗಳನ್ನು ಹೂಳುವ ಕೆಲಸಕ್ಕೆ ಹಿಡಿದಿದ್ದ ಒಬ್ಬ ಯುವಕನು ಜನವರಿಯಲ್ಲಿ ತಪ್ಪಿಸಿಕೊಂಡು, ಊರಿಂದೂರಿಗೆ ನಡೆದು ವಾರ್ಸಾವನ್ನು ಸೇರಿದನು. ವಾಸ್ಸರನೂ ಆತನ ಹೆಂಡತಿ ಬ್ಲೂಮಾಳೂ ಅವನನ್ನು ಕೂಡಿಸಿಕೊಂಡು, ದಿನದಿನವೂ ನಡೆದುದನ್ನು ಅವನ ಬಾಯಿಂದ ಹೇಳಿಸಿ ಬರೆದುಕೊಂಡರು. ಆ ಹೇಳಿಕೆಯ ಪ್ರತಿಗಳು ಪೋಲಿಷ್ ಭೂಗತ ಸಂಘಟನೆಯ ಕೈಗೆ ಹೋದುವು. ಬೇರೆ ಬೇರೆ ಮಾರ್ಗಗಳಿಂದ ಸುದ್ದಿಗಳು ಲಂಡನ್ನನ್ನು ಮುಟ್ಟಿದುವು. ಜೂನ್ 26ರಂದು ಬಿಬಿಸಿಯು ಪೋಲೆಂಡಿನಲ್ಲಿ ಏಳು ಲಕ್ಷ ಯೆಹೂದ್ಯರ ವಧೆಯಾಗಿದೆಯೆಂದು ಪ್ರಸಾರಮಾಡಿತು. ತಮ್ಮ ಶ್ರಮ ವ್ಯರ್ಥವಾಗಲಿಲ್ಲ, ಲೋಕಕ್ಕೆ ತಿಳಿಯಿತು ಎಂದು ರಿಂಗೆಲ್‌ಬ್ಲುಮನು ಆ ದಿನ ಹರ್ಷಿಸಿ ಬರೆದುಕೊಂಡಿದ್ದಾನೆ. ಲೋಕಕ್ಕೆ ತಿಳಿದದ್ದು ನಿಜ. ಇನ್ನು ಒಂದು ತಿಂಗಳೂ ತುಂಬುವ ಮೊದಲೇ ಹೋಫ್ಲೆಯ ಕಾರು ಸಮಿತಿಯ ಕಚೇರಿಯ ಮುಂದೆ ಬಂದು ನಿಂತಿತು.

ಗಾಡಿಗಳು ಹೊರಟ ಮೇಲೆ ಕಾಗದವನ್ನು ಉಳಿಸುವ ಹೊಣೆಯು ಇಸ್ರಾಯೆಲ್ ಲಿಖ್ಟೆನ್‌ಷ್ಟೈನ್ ಎಂಬ ಉಪಾಧ್ಯಾಯನ ಮೇಲೆ ಬಿದ್ದಿತು. ಆಗಸ್ಟಿನ ಮೊದಲ ದಿನಗಳಲ್ಲಿ, ನೊವೊಲಿಪ್ಕಿ ಬೀದಿಯ 68ನೆಯ ಸಂಖ್ಯೆಯ ಶಾಲೆಯ ನೆಲಮಾಳಿಗೆಯಲ್ಲಿ, ಆತನೂ ಆತನ ಹಿಂದಿನ ವಿದ್ಯಾರ್ಥಿಗಳಾದ ಡೇವಿಡ್ ಗ್ರಾಬರ್, ನಾಹುಮ್ ಗ್ಜಿವಾಚ್ ಎಂಬ ಇಬ್ಬರು ಹುಡುಗರೂ ಹತ್ತು ತಗಡಿನ ಪೆಟ್ಟಿಗೆಗಳನ್ನು ಹೂತರು. ಗ್ರಾಬರನಿಗೆ ಹತ್ತೊಂಬತ್ತು ವರ್ಷ, ಗ್ಜಿವಾಚನಿಗೆ ಹದಿನೆಂಟು. ಬೀದಿಯಲ್ಲಿ ಜನರನ್ನು ಹಿಡಿಯುತ್ತಿದ್ದಂತೆಯೇ ಈ ಮೂವರೂ ತಮ್ಮ ತಮ್ಮ ಮರಣಶಾಸನಗಳನ್ನು ಬರೆದು ಪೆಟ್ಟಿಗೆಗೆ ಸೇರಿಸಿದರು. ಉಪಾಧ್ಯಾಯನು ತನಗಾಗಿ ಕೀರ್ತಿಯನ್ನೂ ಕೃತಜ್ಞತೆಯನ್ನೂ ಬೇಡಲಿಲ್ಲ. ಚಿತ್ರಕಾರಳಾದ ತನ್ನ ಹೆಂಡತಿ ಗೆಲಾ ಸೆಕ್‌ಷ್ಟೈನಳ ಹೆಸರನ್ನೂ, ಇಪ್ಪತ್ತು ತಿಂಗಳ ಮಗಳು ಮಾರ್ಗಾಲಿತಳ ಹೆಸರನ್ನೂ ಮುಂದಿನವರು ನೆನೆಯಲಿ ಎಂದು ಕೇಳಿಕೊಂಡನು. ಆಕೆಯ ಚಿತ್ರಗಳೂ ಅದೇ ಪೆಟ್ಟಿಗೆಗಳಲ್ಲಿ ನೆಲವನ್ನು ಸೇರಿದುವು. ಮಣ್ಣು ಮುಚ್ಚಿದ ಹುಡುಗರ ಬರಹಗಳಲ್ಲಿ ಭಯವಿದೆ, ಅವಸರವಿದೆ. ಅದರೊಂದಿಗೆ ಒಂದು ಬಗೆಯ ಹೆಮ್ಮೆಯೂ ಇದೆ. ಆ ಐದು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಉಳಿದ ಕೆಲವರು ಅನಂತರವೂ ಕೆಲಸವನ್ನು ನಿಲ್ಲಿಸಲಿಲ್ಲವೆಂಬುದು ಆಶ್ಚರ್ಯ. ಟ್ರೆಬ್ಲಿಂಕಾದಲ್ಲಿ ಹದಿನೆಂಟು ದಿನಗಳಿದ್ದು ತಪ್ಪಿಸಿಕೊಂಡು ಬಂದ ಅಬ್ರಹಾಂ ಕ್ಷೆಪಿಟ್ಸ್ಕಿಯನ್ನು ರಾಖೆಲ್ ಔವರ್‌ಬಾಖಳು ಆ ವರ್ಷದ ಕೊನೆಯಲ್ಲಿ ಕೂಡಿಸಿಕೊಂಡು ದೀರ್ಘವಾದ ಹೇಳಿಕೆಯನ್ನು ಬರೆದುಕೊಂಡಳು. ಅಂಥ ಬರಹಗಳೂ ಇತರ ಕಾಗದಗಳೂ 1943ರ ಫೆಬ್ರವರಿಯಲ್ಲಿ ಎರಡು ಹಾಲಿನ ಕ್ಯಾನುಗಳೊಳಗೆ ಸೇರಿ ಅದೇ ಶಾಲೆಯ ನೆಲದಡಿಗೆ ಹೋದುವು. ಏಪ್ರಿಲಿನಲ್ಲಿ ಘೆಟ್ಟೋ ದಂಗೆಯೆದ್ದಿತು. ಜರ್ಮನ್ ಸೇನಾಪತಿ ಷ್ಟ್ರೋಪನು ಮನೆಮನೆಗೂ ಬೆಂಕಿಯಿಟ್ಟು, ಹಿಡಿದ ಮತ್ತು ಕೊಂದ ಯೆಹೂದ್ಯರ ಸಂಖ್ಯೆ 56,065 ಎಂದು, ಛಾಯಾಚಿತ್ರಗಳನ್ನು ಅಂಟಿಸಿ ಚರ್ಮದ ರಟ್ಟು ಹಾಕಿಸಿದ ವರದಿಯಲ್ಲಿ ಮೇಲಧಿಕಾರಿಗೆ ಒಪ್ಪಿಸಿದನು. ರಿಂಗೆಲ್‌ಬ್ಲುಮನು ಅಷ್ಟರಲ್ಲಿ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಗೋಡೆಯಾಚೆ ಅಡಗಿದ್ದನು. ದಂಗೆಯ ಹೊತ್ತಿಗೆ ಮತ್ತೆ ಒಳಗೆ ಬಂದವನು ಸೆರೆಸಿಕ್ಕಿ ಟ್ರಾವ್ನಿಕಿಯ ಶಿಬಿರಕ್ಕೆ ಹೋದನು. ಒಬ್ಬ ಪೋಲಿಷ್ ರೈಲ್ವೆ ನೌಕರನೂ ಒಬ್ಬ ಯೆಹೂದ್ಯ ತರುಣಿಯೂ ಸೇರಿ ಅವನನ್ನು ಬಿಡಿಸಿ ತಂದರು. ಗ್ರುಯೆಟ್ಸ್ಕಾ ಬೀದಿಯಲ್ಲಿ ವೋಲ್ಸ್ಕಿ ಎಂಬ ಪೋಲಿಷ್ ತೋಟಗಾರನು ತನ್ನ ಗಾಜುಮನೆಯ ಕೆಳಗೆ ತೋಡಿದ್ದ ಅಡಗುದಾಣದಲ್ಲಿ, ಮೂವತ್ತಕ್ಕೂ ಹೆಚ್ಚು ಜನರ ಇಕ್ಕಟ್ಟಿನಲ್ಲಿ ಕುಳಿತು, ಪೋಲರಿಗೂ ಯೆಹೂದ್ಯರಿಗೂ ಇದ್ದ ಸಂಬಂಧವನ್ನು ಕುರಿತು ಪೋಲಿಷ್ ಭಾಷೆಯಲ್ಲಿಯೇ ಒಂದು ಗ್ರಂಥವನ್ನು ಬರೆದನು. ಕಾಪಾಡುತ್ತಿದ್ದವರ ಮನೆಯಲ್ಲಿದ್ದುಕೊಂಡೇ, ಕಾಪಾಡದೆ ಹೋದ ಬಹುಸಂಖ್ಯಾತರ ಲೆಕ್ಕವನ್ನು ದಾಕ್ಷಿಣ್ಯವಿಲ್ಲದೆ ಬರೆದನು. ಕಾಪಾಡಿದವರ ಲೆಕ್ಕವನ್ನೂ ಬರೆದನು. 1944ರ ಮಾರ್ಚ್ 7ರಂದು ಆ ಅಡಗುದಾಣವು ಬೆಳಕಿಗೆ ಬಂದಿತು. ಕೆಲವು ದಿನಗಳಲ್ಲಿ ಅವನನ್ನೂ, ಹೆಂಡತಿಮಗನನ್ನೂ, ಉಳಿದವರನ್ನೂ, ಆಶ್ರಯ ಕೊಟ್ಟ ತೋಟಗಾರನನ್ನೂ ಗುಂಡಿಟ್ಟು ಕೊಂದರು. ಹಸ್ತಪ್ರತಿಯು ಅದಕ್ಕೆ ಮೊದಲೇ ಹೊರಗೆ ಹೋಗಿದ್ದುದರಿಂದ ಉಳಿಯಿತು.

ಯುದ್ಧ ಮುಗಿದಾಗ ಗುಂಪಿನ ಕೆಲಸದಲ್ಲಿ ನಿಕಟವಾಗಿದ್ದವರಲ್ಲಿ ಬದುಕಿದ್ದವರು ಮೂವರು: ವಾಸ್ಸರ್ ದಂಪತಿಗಳು, ರಾಖೆಲ್ ಔವರ್‌ಬಾಖ್. ಹೂತ ಸ್ಥಳವು ವಾಸ್ಸರನಿಗೆ ಗೊತ್ತಿದ್ದಿತು. ಆದರೆ ಆ ಸ್ಥಳವೇ ಇರಲಿಲ್ಲ. ಘೆಟ್ಟೋ ಇದ್ದ ಕಡೆ ಬೀದಿಗಳ ಗುರುತೂ ಸಿಕ್ಕದಂತೆ ಇಟ್ಟಿಗೆಯ ದಿಬ್ಬಗಳಿದ್ದುವು. ನೊವೊಲಿಪ್ಕಿ ಬೀದಿಯಲ್ಲಿ ಸಂತ ಆಗಸ್ಟೀನನ ಇಗರ್ಜಿಯೊಂದು ಕೆಡದೆ ನಿಂತಿದ್ದಿತು. ಕಳೆದುಹೋದುದನ್ನು ತೋಡಬೇಕೆಂದು ಔವರ್‌ಬಾಖಳು ಕಂಡಕಂಡವರನ್ನು ಪೀಡಿಸಿದಳು. 1946ರ ಸೆಪ್ಟೆಂಬರ್ 18ರಂದು ಹತ್ತು ಪೆಟ್ಟಿಗೆಗಳು ಸಿಕ್ಕಿದುವು. ಬೆಸುಗೆಯಿಲ್ಲದ ತಗಡಿನೊಳಗೆ ನೀರು ಇಳಿದು, ಕಾಗದಗಳು ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ಶಾಯಿ ಕದಡಿಹೋಗಿದ್ದಿತು. ಹಾಳೆಹಾಳೆಯನ್ನೂ ಬಿಡಿಸಿ ಒಣಗಿಸಬೇಕಾಯಿತು. ಹಾಲಿನ ಕ್ಯಾನುಗಳು 1950ರ ಡಿಸೆಂಬರ್ 1ರಂದು, ಹೊಸ ಮನೆಗಳಿಗೆ ಪಾಯ ತೋಡುತ್ತಿದ್ದ ಕೂಲಿಗಳ ಗುದ್ದಲಿಗೆ ಸಿಕ್ಕಿದುವು. ಅವುಗಳೊಳಗಿನ ಕಾಗದ ಎಷ್ಟೋ ವಾಸಿಯಾಗಿದ್ದಿತು. ಶ್ವೆಂತೊಯೆರ್ಸ್ಕಾ ಬೀದಿಯಲ್ಲಿ ಹೂತರೆಂದು ಹೇಳುವ ಮೂರನೆಯ ಭಾಗವು ಇಂದಿಗೂ ಸಿಕ್ಕಿಲ್ಲ. ಸಿಕ್ಕಿದುದು ಸುಮಾರು 35,000 ಪುಟ. ಯುನೆಸ್ಕೋ ಸಂಸ್ಥೆಯು 1999ರಲ್ಲಿ ಅದನ್ನು ಲೋಕಸ್ಮೃತಿಯ ಪಟ್ಟಿಗೆ ಸೇರಿಸಿತು.

ಯುದ್ಧಾನಂತರದಲ್ಲಿ ಬದುಕಿ ಬಂದವರ ಹೇಳಿಕೆಗಳನ್ನು ಕೂಡಿಸುವ ಕೆಲಸವು ಅನೇಕ ಕಡೆ ನಡೆಯಿತು. ಷಿಕಾಗೋದಿಂದ ಬಂದ ಡೇವಿಡ್ ಬೋಡರ್ ಎಂಬ ಮನಶ್ಶಾಸ್ತ್ರಜ್ಞನು 1946ರಲ್ಲಿ ಸಣ್ಣ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಮುದ್ರಿಸುವ ಯಂತ್ರವನ್ನು ಹೊತ್ತು ಫ್ರಾನ್ಸ್, ಜರ್ಮನಿ, ಇಟಲಿಗಳ ನಿರಾಶ್ರಿತರ ಶಿಬಿರಗಳಲ್ಲಿ ಸುತ್ತಿ, ನೂರಕ್ಕೂ ಮಿಕ್ಕ ಜನರ ಮಾತುಗಳನ್ನು ಅವರವರ ನುಡಿಯಲ್ಲಿಯೇ ಹಿಡಿದನು. ತಾನು ಸತ್ತವರನ್ನು ಸಂದರ್ಶಿಸಲಿಲ್ಲವೆಂಬ ಅರ್ಥದ ಹೆಸರನ್ನೇ ತನ್ನ ಪುಸ್ತಕಕ್ಕೆ ಇಟ್ಟನು. ಔವರ್‌ಬಾಖಳು ಇಸ್ರೇಲಿಗೆ ಹೋಗಿ, 1954ರಿಂದ ಯಾದ್ ವಾಶೆಮ್ ಸಂಸ್ಥೆಯಲ್ಲಿ ಸಾಕ್ಷ್ಯಸಂಗ್ರಹದ ವಿಭಾಗವನ್ನು ಕಟ್ಟಿದಳು. 1961ರಲ್ಲಿ ನಡೆದ, ಐಖ್‌ಮನ್ ಎಂಬ ನಾಜಿ ಅಧಿಕಾರಿಯ ವಿಚಾರಣೆಯಲ್ಲಿ ಸಾಕ್ಷಿಗಳನ್ನು ಆರಿಸಲು ನೆರವಾಗಿ, ತಾನೂ ಸಾಕ್ಷಿ ನುಡಿದಳು. ಆಮೇಲೆ ಬಂದ ವಿಡಿಯೊ ಯುಗದಲ್ಲಿ ಇಂಥ ಸಾಕ್ಷ್ಯಗಳ ಸಂಖ್ಯೆ ಐವತ್ತು ಸಾವಿರವನ್ನೂ ಮೀರಿದೆ. ಇವುಗಳ ಬೆಲೆಯನ್ನು ಕುಗ್ಗಿಸುವುದು ನನ್ನ ಇಂಗಿತವಲ್ಲ. ಆದರೆ ಅವೆಲ್ಲವೂ ಬದುಕಿದವನ ಬಾಯಿಂದ ಬಂದುವು. ಕಥೆಯ ಕೊನೆಯು ಅವನಿಗೆ ಗೊತ್ತು, ಆ ಕೊನೆಯ ಬೆಳಕು ಮೊದಲ ದಿನದ ಮೇಲೂ ಬೀಳುತ್ತದೆ. 1941ರಲ್ಲಿ ನಾಳೆಯ ರೊಟ್ಟಿಯ ಬೆಲೆಯನ್ನು ಬರೆದಿಟ್ಟವನಿಗೆ ನಾಡಿದ್ದಿನ ಟ್ರೆಬ್ಲಿಂಕಾ ಗೊತ್ತಿರಲಿಲ್ಲ. ಅವನ ತಪ್ಪು ನಿರೀಕ್ಷೆಗಳೂ, ವದಂತಿಗಳೂ, ಚಿಲ್ಲರೆ ಜಗಳಗಳೂ ಹಾಗೆಯೇ ಉಳಿದಿವೆ. ಬೋಡರನಿಂದ ಸಂದರ್ಶಿಸಲಾಗದೆ ಉಳಿದವರು ಇಲ್ಲಿ ತಾವಾಗಿಯೇ ಮಾತನಾಡುತ್ತಾರೆ.

ಈ ಕಾಗದಗಳನ್ನು ಓದಬೇಕೆಂದು ಬಯಸುವ ನಮ್ಮ ಓದುಗರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ರಿಂಗೆಲ್‌ಬ್ಲುಮನ ದಿನಚರಿಯು ಇಂಗ್ಲಿಷಿನಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವುದು 1958ರ ಅನುವಾದದ ಮೂಲಕ. ಅದು 1952ರಲ್ಲಿ ವಾರ್ಸಾದಲ್ಲಿ ಪ್ರಕಟವಾದ ಯಿಡ್ಡಿಷ್ ಆವೃತ್ತಿಯನ್ನು ಅವಲಂಬಿಸಿದ್ದು. ಆ ಆವೃತ್ತಿಯನ್ನು ಸಿದ್ಧಪಡಿಸಿದವರು ಪೋಲೆಂಡಿನ ಅಂದಿನ ಕಮ್ಯೂನಿಸ್ಟ್ ಸರ್ಕಾರದ ಮರ್ಜಿಗೆ ಒಗ್ಗದ ಎಷ್ಟೋ ಭಾಗಗಳನ್ನು ಕತ್ತರಿಸಿಹಾಕಿದ್ದರು. ತನ್ನ ಜನರ ದೋಷವನ್ನೂ ಬಿಡದೆ ಬರೆದವನ ಪುಸ್ತಕವು ಪರರ ದೋಷಗಳನ್ನು ಬಿಟ್ಟು ಅಚ್ಚಾಯಿತು. ಅನುವಾದಕನಿಗೆ ಸಿಕ್ಕಿದ್ದೂ ಅಷ್ಟೆ. ವಾರ್ಸಾದ ಯೆಹೂದ್ಯ ಚರಿತ್ರ ಸಂಸ್ಥೆಯು, ಘೆಟ್ಟೋದಲ್ಲಿ ರಿಂಗೆಲ್‌ಬ್ಲುಮನು ದುಡಿದ ಸಹಾಯಸಂಘದ ಕಚೇರಿಯಿದ್ದ ಅದೇ ಕಟ್ಟಡದಲ್ಲಿ ಕುಳಿತು, ಇಡೀ ದಫ್ತರವನ್ನು ಏನನ್ನೂ ಬಿಡದೆ ಮುದ್ರಿಸುವ ಕಾರ್ಯವನ್ನು 1997ರಲ್ಲಿ ಆರಂಭಿಸಿತು. ಎರಡು ದಶಕಗಳಿಗೂ ಮೀರಿದ ಆ ಶ್ರಮದಿಂದ ಪೋಲಿಷಿನಲ್ಲಿ ಮೂವತ್ತಕ್ಕೂ ಹೆಚ್ಚು ಸಂಪುಟಗಳು ಬಂದಿವೆ. ಅವುಗಳಲ್ಲಿ ಕೆಲವು ಇಂಗ್ಲಿಷಿಗೂ ಬಂದಿವೆ. ಹಳೆಯ ಅನುವಾದವು ಕೈಗೆ ಸಿಕ್ಕಿದರೆ ಓದಬಾರದೆಂದು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಸಂಪುಟವೊಂದನ್ನು ಇಟ್ಟುಕೊಂಡು ಓದತಕ್ಕದ್ದು.